ಪ್ರೌಢಶಾಲೆಗೆ ಪೋಷಕರನ್ನು ಹತ್ತಿರ ತರುವುದು ಹೇಗೆ? ಮುಖ್ಯಶಿಕ್ಷಕರಿಗೂ ತರಗತಿ ಶಿಕ್ಷಕರಿಗೂ ಒಂದು ಮಾರ್ಗದರ್ಶಿ

ಪ್ರಾಥಮಿಕ ಶಾಲೆಯ ಗೇಟಿನ ಬಳಿ ದಿನವೂ ಕಾಣಿಸುತ್ತಿದ್ದ ತಾಯಂದಿರು ಮಗು ಎಂಟನೆಯ ತರಗತಿಗೆ ಸೇರಿದ ಮೇಲೆ ಶಾಲೆಯ ಕಡೆ ಬರುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತಾರೆ. ‘ಇವರಿಗೆ ಮಕ್ಕಳ ಓದಿನ ಬಗ್ಗೆ ಕಾಳಜಿಯಿಲ್ಲ’ ಎಂಬುದು ಶಿಕ್ಷಕರ ಕೊಠಡಿಯಲ್ಲಿ ಇದಕ್ಕೆ ಸಿಗುವ ಸಿದ್ಧ ವಿವರಣೆ. ಸ್ವಲ್ಪ ವಿಚಾರಿಸಿ ನೋಡಿದರೆ ಕಾರಣಗಳು ಬೇರೆಯೇ ಇರುತ್ತವೆ. ಕಿರಿಯ ಪ್ರಾಥಮಿಕ ಶಾಲೆ ಊರೊಳಗೇ ಇರುತ್ತದೆ. ಗ್ರಾಮಾಂತರದ ಸರ್ಕಾರಿ ಪ್ರೌಢಶಾಲೆಗೆ ಸುತ್ತಲಿನ ಹಲವು ಹಳ್ಳಿಗಳ ಮಕ್ಕಳು ಬರುತ್ತಾರೆ, ಆದ್ದರಿಂದ ಶಾಲೆಗೆ ಒಮ್ಮೆ ಹೋಗಿಬರುವುದೆಂದರೆ ಪೋಷಕರಿಗೆ ಅರ್ಧ ದಿನದ ಕೂಲಿ ಹೋದಂತೆ. ಐದನೆಯದೋ ಏಳನೆಯದೋ ತರಗತಿಗೆ ಓದು ಬಿಟ್ಟ ತಂದೆತಾಯಿಗಳು ಬೀಜಗಣಿತದ ಪುಸ್ತಕ ಕಂಡೊಡನೆ ‘ಇದರಲ್ಲಿ ನಮಗೇನು ತಿಳಿಯುತ್ತದೆ’ ಎಂದು ಹಿಂದೆ ಸರಿಯುತ್ತಾರೆ. ಶಾಲೆಯಿಂದ ಕರೆ ಬಂದರೆ ಅದು ದೂರಿಗೆ, ದಾಖಲೆಪತ್ರಕ್ಕೆ ಅಥವಾ ಹಣಕ್ಕೆ ಎಂಬುದು ಅವರಿಗೆ ಅನುಭವದಿಂದ ತಿಳಿದಿದೆ. ಇವೆಲ್ಲಕ್ಕೆ ಸೇರಿ, ಹದಿನಾಲ್ಕು ತುಂಬಿದ ಮಗನಿಗೆ ಗೆಳೆಯರ ಮುಂದೆ ಅಪ್ಪ ಅಮ್ಮ ಶಾಲೆಗೆ ಬರುವುದೇ ಮುಜುಗರದ ವಿಷಯವಾಗಿರುತ್ತದೆ. ಸಭೆಯ ಸೂಚನೆಯನ್ನು ಅವನು ಮನೆಯಲ್ಲಿ ಹೇಳದೆಯೂ ಇರಬಹುದು.

ಹೀಗಾಗಿ ಕರೆಯುವ ವಿಧಾನಕ್ಕಿಂತ ಮೊದಲು, ಕರೆದು ಏನನ್ನು ಕೇಳುತ್ತೇವೆ ಎಂಬುದನ್ನು ಶಾಲೆ ಬದಲಿಸಿಕೊಳ್ಳಬೇಕು. ಪಾಠ ಹೇಳಿಕೊಡುವುದು ಶಿಕ್ಷಕರ ಕೆಲಸ. ಮಗುವಿನ ಹೊತ್ತು, ನಿದ್ದೆ, ಹಾಜರಿ, ಹೊಲಮನೆಯ ಕೆಲಸದ ಹೊರೆ, ಮುಂದಿನ ಓದಿನ ನಿರ್ಧಾರ ಇವು ಮನೆಯವರ ಕೈಯಲ್ಲಿ ಮಾತ್ರ ಇರುವಂಥವು, ಮತ್ತು ಇವುಗಳಿಗೆ ಅಕ್ಷರಜ್ಞಾನ ಬೇಕಿಲ್ಲ. ತಮ್ಮಿಂದ ಆಗುವ ಕೆಲಸವನ್ನು ಕೇಳುವ ಶಾಲೆಗೆ ಪೋಷಕರು ಬರುತ್ತಾರೆ. ಕೆಳಗಿನ ಹೆಜ್ಜೆಗಳನ್ನು ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಜೂನ್‌ನಿಂದ ಏಪ್ರಿಲ್‌ವರೆಗಿನ ಶೈಕ್ಷಣಿಕ ವರ್ಷಕ್ಕೆ ಹೊಂದುವಂತೆ ಬರೆಯಲಾಗಿದೆ.

ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಪ್ರಕರಣವು ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆಯ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಆ ಕಾಯ್ದೆ ಎಂಟನೆಯ ತರಗತಿಯವರೆಗೆ ಅನ್ವಯಿಸುವುದರಿಂದ ಪ್ರೌಢಶಾಲೆಯ ಮೊದಲ ವರ್ಷಕ್ಕೆ ಈ ಕರ್ತವ್ಯ ನೇರವಾಗಿಯೇ ತಗಲುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಅದನ್ನು ನಿಲ್ಲಿಸಲು ಯಾವ ಕಾರಣವೂ ಇಲ್ಲ.

ಮೊದಲ ಹೆಜ್ಜೆ: ಫೋನ್ ಯಾರ ಕೈಯಲ್ಲಿದೆ ಎಂದು ತಿಳಿಯಿರಿ

ದಾಖಲಾತಿಯ ಸಮಯದಲ್ಲಿ ವಿದ್ಯಾರ್ಥಿಗಳ ವಿವರ ದಾಖಲಿಸುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಸೇರಿಸಿದ ಮೊಬೈಲ್ ಸಂಖ್ಯೆಯನ್ನು ನಂಬಿ ಕುಳಿತರೆ ಮುಂದಿನ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಆ ಸಂಖ್ಯೆ ಎಷ್ಟೋ ವೇಳೆ ಬದಲಾಗಿರುತ್ತದೆ, ಅಥವಾ ಅದು ಪಕ್ಕದ ಮನೆಯವರದಾಗಿರುತ್ತದೆ. ಇದಕ್ಕಿಂತ ತೊಡಕಿನ ಸಂಗತಿಯೆಂದರೆ, ಮನೆಯಲ್ಲಿರುವ ಒಂದೇ ಸ್ಮಾರ್ಟ್‌ಫೋನ್ ಸಂಜೆಯ ಹೊತ್ತು ಆ ವಿದ್ಯಾರ್ಥಿಯ ಕೈಯಲ್ಲೇ ಇರುತ್ತದೆ. ‘ನಿಮ್ಮ ಮಗ ಮೂರು ದಿನದಿಂದ ಶಾಲೆಗೆ ಬಂದಿಲ್ಲ’ ಎಂಬ ಸಂದೇಶವನ್ನು ಮಗನೇ ಓದಿ ಅಳಿಸಿಹಾಕುತ್ತಾನೆ, ಶಾಲೆಯ ಕಡತದಲ್ಲಿ ಮಾತ್ರ ‘ಪೋಷಕರಿಗೆ ತಿಳಿಸಲಾಗಿದೆ’ ಎಂದು ದಾಖಲಾಗಿರುತ್ತದೆ.

ಆದ್ದರಿಂದ ಜೂನ್ ತಿಂಗಳಲ್ಲಿಯೇ ಪ್ರತಿ ತರಗತಿ ಶಿಕ್ಷಕರು ಒಂದು ನೋಟ್‌ಪುಸ್ತಕ ಇಟ್ಟು ಪ್ರತಿ ಮಗುವಿಗೆ ಒಂದು ಪುಟ ಮೀಸಲಿಡಲಿ. ಮಗು ವಾಸವಿರುವುದು ತಂದೆತಾಯಿಯ ಬಳಿಯೋ, ಅಜ್ಜಿಯ ಬಳಿಯೋ, ವಿದ್ಯಾರ್ಥಿ ನಿಲಯದಲ್ಲೋ, ನಿರ್ಧಾರ ತೆಗೆದುಕೊಳ್ಳುವವರು ಯಾರು, ಯಾವ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆದರೆ ಸಿಗುತ್ತಾರೆ, ಮನೆಮಾತು ಯಾವುದು, ವರ್ಷದ ಯಾವ ತಿಂಗಳುಗಳಲ್ಲಿ ಊರು ಬಿಟ್ಟು ದುಡಿಯಲು ಹೋಗುತ್ತಾರೆ ಎಂಬುದನ್ನು ಬರೆದಿಡಬೇಕು. ಕಲ್ಯಾಣ ಕರ್ನಾಟಕದ ಅನೇಕ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತವೆ. ಅಂಥ ಮನೆಗಳಲ್ಲಿ ಹತ್ತನೆಯ ತರಗತಿಯ ಹುಡುಗಿ ಜನವರಿಯಲ್ಲಿ ಅಜ್ಜಿಯನ್ನೂ ತಮ್ಮ ತಂಗಿಯರನ್ನೂ ನೋಡಿಕೊಂಡು ಒಬ್ಬಳೇ ಮನೆ ನಡೆಸುತ್ತಿರಬಹುದು. ಇದನ್ನು ಜೂನ್‌ನಲ್ಲಿ ತಿಳಿದುಕೊಂಡಿದ್ದರೆ ಏನಾದರೂ ಏರ್ಪಾಡು ಮಾಡಬಹುದು. ಪೂರ್ವಸಿದ್ಧತಾ ಪರೀಕ್ಷೆಯ ದಿನ ತಿಳಿದರೆ ಮಾಡಬಹುದಾದದ್ದು ಬಹಳ ಕಡಿಮೆ. ಮನೆಮಾತು ಲಂಬಾಣಿ, ಉರ್ದು, ತೆಲುಗು ಅಥವಾ ಮರಾಠಿ ಆಗಿದ್ದರೆ ಆ ಭಾಷೆ ಬಲ್ಲ ಸಹೋದ್ಯೋಗಿಯೋ ಇನ್ನೊಬ್ಬ ಪೋಷಕರೋ ಮೊದಲ ಮಾತುಕತೆಗೆ ಜೊತೆಗಿರುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಮೊದಲ ಕರೆ ದೂರಿನದಾಗಿರಬಾರದು

ಶಾಲೆಯ ಮಕ್ಕಳನ್ನು ಶಿಕ್ಷಕರೆಲ್ಲರಿಗೂ ಹಂಚಿ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ಹತ್ತನೆಯ ತರಗತಿಯ ಮಕ್ಕಳನ್ನು ಶಿಕ್ಷಕರು ‘ದತ್ತು’ ತೆಗೆದುಕೊಳ್ಳುವ ರೂಢಿ ನಮ್ಮ ಶಾಲೆಗಳಲ್ಲಿ ಆಗಲೇ ಇದೆ. ಅದು ಡಿಸೆಂಬರ್‌ನಲ್ಲಿ ಆರಂಭವಾಗಿ ನಪಾಸಾಗುವ ಭಯವಿರುವ ಮಕ್ಕಳಿಗಷ್ಟೇ ಸೀಮಿತವಾಗುವುದು ಅದರ ದೋಷ. ಅದನ್ನೇ ಎಂಟನೆಯ ತರಗತಿಯಿಂದ, ಎಲ್ಲ ಮಕ್ಕಳಿಗೂ ವಿಸ್ತರಿಸಿದರೆ ಹೊಸ ಯೋಜನೆಯ ಅಗತ್ಯವೇ ಬೀಳುವುದಿಲ್ಲ.

ಜುಲೈ ಮುಗಿಯುವುದರೊಳಗೆ ಪ್ರತಿ ಶಿಕ್ಷಕರು ತಮ್ಮ ಪಾಲಿನ ಪ್ರತಿ ಮನೆಗೂ ಒಮ್ಮೆ ಫೋನ್ ಮಾಡಿ, ಮಗುವಿನ ಬಗ್ಗೆ ತಾವೇ ಗಮನಿಸಿದ ಒಂದು ಒಳ್ಳೆಯ ಸಂಗತಿಯನ್ನು ಹೇಳಬೇಕು. ‘ನಿಮ್ಮ ಮಗಳು ಚೆನ್ನಾಗಿ ಓದುತ್ತಾಳೆ’ ಎಂಬ ಸಾಮಾನ್ಯ ಮಾತಿಗೆ ಬೆಲೆ ಕಡಿಮೆ. ‘ನಿನ್ನೆ ವಿಜ್ಞಾನದ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದಳು’ ಎಂಬುದು ಮನೆಯಲ್ಲಿ ರಾತ್ರಿಯ ಊಟದ ಹೊತ್ತಿನ ಮಾತಾಗುತ್ತದೆ. ಕರೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ಮತ್ತು ಅದರ ಕೊನೆಯಲ್ಲಿ ಆದಾಯ ಪ್ರಮಾಣಪತ್ರವನ್ನು ಕೇಳಬೇಡಿ. ಹೀಗೆ ಒಮ್ಮೆ ಮಾತಾಡಿದ ಶಿಕ್ಷಕರು ಅಕ್ಟೋಬರ್‌ನಲ್ಲಿ ‘ಗಣಿತದಲ್ಲಿ ಹಿಂದೆ ಬಿದ್ದಿದ್ದಾನೆ, ಒಮ್ಮೆ ಬನ್ನಿ’ ಎಂದಾಗ ಅದನ್ನು ಕೇಳುವ ಕಿವಿ ಬೇರೆಯಾಗಿರುತ್ತದೆ.

ಮೂರನೆಯ ಹೆಜ್ಜೆ: ಸಭೆಯ ದಿನವನ್ನು ಪೋಷಕರ ಪಂಚಾಂಗದಿಂದ ಆರಿಸಿ

ವಾರದ ನಡುವಿನ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದು ಯಾರೂ ಬರಲಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ. ಬಿತ್ತನೆ ಮತ್ತು ಕೊಯ್ಲಿನ ವಾರಗಳು, ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ನಂತರದ ಕಾಫಿ ಹಣ್ಣಿನ ಕೊಯ್ಲು ಇವುಗಳನ್ನು ಮೊದಲು ಬಿಡಬೇಕು. ಅನೇಕ ಊರುಗಳಲ್ಲಿ ಸೋಮವಾರ ಅಥವಾ ಅಮಾವಾಸ್ಯೆಯಂದು ಎತ್ತು ಹೂಡುವುದಿಲ್ಲ. ಅಂಥ ದಿನ ಮನೆಯವರು ಬಿಡುವಾಗಿರುತ್ತಾರೆ. ಸಂತೆಯ ದಿನ ಹೇಗೂ ಹೋಬಳಿ ಕೇಂದ್ರಕ್ಕೆ ಬರುವವರಿದ್ದರೆ ಸಂತೆಗೆ ಮುಂಚಿನ ಒಂದು ಗಂಟೆ ಸಭೆಗೆ ಒದಗುತ್ತದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯಂಥ ಕಡೆ ತಾಯಂದಿರು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಾದ್ದರಿಂದ ಭಾನುವಾರದ ಬೆಳಗ್ಗೆ ಬಿಟ್ಟರೆ ಬೇರೆ ದಾರಿಯಿಲ್ಲ. ಶಿಕ್ಷಕರ ಭಾನುವಾರ ಹೋಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ವರ್ಷಕ್ಕೆ ಎರಡು ಭಾನುವಾರಗಳಿಗೆ ಮಿತಿಗೊಳಿಸಿ, ಪರ್ಯಾಯ ರಜೆಗೆ ಮೇಲಧಿಕಾರಿಗಳ ಒಪ್ಪಿಗೆಯನ್ನು ಮೊದಲೇ ಪಡೆದುಕೊಳ್ಳುವುದು ಮುಖ್ಯಶಿಕ್ಷಕರ ಹೊಣೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಪ್ರಯಾಣಿಸಬಹುದಾಗಿದೆ. ದೂರದ ಹಳ್ಳಿಯ ತಾಯಂದಿರಿಗೆ ಬಸ್‌ಚಾರ್ಜೇ ಅಡ್ಡಿಯಾಗಿದ್ದರೆ ಆ ಅಡ್ಡಿ ಈಗ ಇಲ್ಲ, ಆದರೆ ಬಸ್ಸಿನ ವೇಳೆ ಇನ್ನೂ ಅಡ್ಡಿಯೇ. ಸಭೆಯ ಆರಂಭ ಮತ್ತು ಮುಕ್ತಾಯ ಆ ಹಳ್ಳಿಗಳ ಬಸ್ ವೇಳೆಗೆ ಹೊಂದುವಂತಿರಬೇಕು. ಆಹ್ವಾನದಲ್ಲಿ ‘ತಂದೆಯವರು ತಪ್ಪದೇ ಬರತಕ್ಕದ್ದು’ ಎಂಬ ಒಕ್ಕಣೆ ಬೇಡ. ತಂದೆಯಿಲ್ಲದ ಮಗುವಿಗೆ ಅದು ನೋವು, ತಂದೆ ಊರಲ್ಲಿಲ್ಲದ ಮನೆಗೆ ಅದು ಬರದಿರಲು ನೆಪ. ‘ಮನೆಯವರು ಯಾರಾದರೂ ಒಬ್ಬರು’ ಎಂದು ಬರೆದರೆ ಅಜ್ಜನೂ ಅಕ್ಕನೂ ಬರುತ್ತಾರೆ.

ನಾಲ್ಕನೆಯ ಹೆಜ್ಜೆ: ಸಭೆಯನ್ನು ತರಗತಿಯೊಳಗೆ ನಡೆಸಿ

ಶಾಲಾ ಆವರಣದಲ್ಲಿ ಶಾಮಿಯಾನ ಹಾಕಿ, ವೇದಿಕೆಯ ಮೇಲೆ ಗಣ್ಯರನ್ನು ಕೂರಿಸಿ, ಸ್ವಾಗತ, ಪ್ರಾಸ್ತಾವಿಕ, ಹಾರ, ಸನ್ಮಾನ, ಅಧ್ಯಕ್ಷೀಯ ಭಾಷಣ ಇವೆಲ್ಲ ಮುಗಿಯುವ ಹೊತ್ತಿಗೆ ಪೋಷಕರ ಕೊನೆಯ ಬಸ್ಸು ಹೊರಟಿರುತ್ತದೆ. ಇದರಲ್ಲಿ ಯಾರೊಬ್ಬ ತಾಯಿಗೂ ತನ್ನ ಮಗುವಿನ ಬಗ್ಗೆ ಒಂದು ಮಾತು ಸಿಕ್ಕಿರುವುದಿಲ್ಲ. ಮಹಾಸಭೆ ಬೇಕೇಬೇಕೆಂದಿದ್ದರೆ ವರ್ಷಕ್ಕೊಮ್ಮೆ ಅದು ನಡೆಯಲಿ. ಉಳಿದ ಸಭೆಗಳು ತರಗತಿವಾರು, ವಿಭಾಗವಾರು ನಡೆಯಬೇಕು ಮತ್ತು ಒಂದು ಗಂಟೆಯೊಳಗೆ ಮುಗಿಯಬೇಕು.

ಅದರ ಕ್ರಮ ಹೀಗಿರಬಹುದು. ಪೋಷಕರು ತಮ್ಮ ಮಗು ದಿನವೂ ಕೂರುವ ಬೆಂಚಿನ ಮೇಲೆಯೇ ಕೂರುತ್ತಾರೆ. ಮೊದಲ ಹತ್ತು ನಿಮಿಷ ತರಗತಿ ಶಿಕ್ಷಕರು ಈ ಅವಧಿಯಲ್ಲಿ ಏನು ಕಲಿಸಲಾಯಿತು, ಮುಂದಿನ ಪರೀಕ್ಷೆ ಯಾವಾಗ ಎಂದು ಸರಳವಾಗಿ ಹೇಳುತ್ತಾರೆ. ನಂತರ ಮಕ್ಕಳೇ ತಮ್ಮ ನೋಟ್‌ಪುಸ್ತಕ, ಪ್ರಯೋಗದ ದಾಖಲೆ, ನಕಾಶೆಗಳನ್ನು ಮನೆಯವರಿಗೆ ತೋರಿಸಿ ವಿವರಿಸುತ್ತಾರೆ. ಓದುಬರಹ ಬಾರದ ತಾಯಿಗೂ ಪುಟ ಖಾಲಿಯಿದೆಯೋ ತುಂಬಿದೆಯೋ, ಕೆಂಪು ಶಾಯಿ ಎಷ್ಟಿದೆ ಎಂಬುದು ಕಾಣುತ್ತದೆ. ಸಭೆಯ ಮುಖ್ಯ ಭಾಗ ಇದೇ ಆಗಿರುವುದರಿಂದ ಇದಕ್ಕೆ ಅರ್ಧ ಗಂಟೆಯಾದರೂ ಇರಲಿ. ಮಗನ ಮುಜುಗರಕ್ಕೂ ಇದೇ ಮದ್ದು: ಸುಮ್ಮನೆ ತಲೆ ತಗ್ಗಿಸಿ ನಿಲ್ಲುವ ಬದಲು ಅವನಿಗೆ ಅಲ್ಲಿ ಮಾಡಲು ಒಂದು ಕೆಲಸವಿರುತ್ತದೆ. ಈ ಹೊತ್ತಿನಲ್ಲಿ ವಿಷಯ ಶಿಕ್ಷಕರು ಬೆಂಚಿನಿಂದ ಬೆಂಚಿಗೆ ಹೋಗಿ ಪ್ರತಿಯೊಬ್ಬರೊಂದಿಗೆ ತಗ್ಗಿದ ದನಿಯಲ್ಲಿ ಮಾತಾಡಬೇಕು.

ಅಂಕಗಳನ್ನು ಎಲ್ಲರ ಮುಂದೆ ಓದಬಾರದು. ಇದನ್ನು ಬಹಳ ಶಾಲೆಗಳು ಸ್ಪರ್ಧೆಯ ಹೆಸರಿನಲ್ಲಿ ಇನ್ನೂ ಮಾಡುತ್ತಿವೆ. ಕಡಿಮೆ ಅಂಕ ಬಂದ ಮಗುವಿನ ತಾಯಿ ಮುಂದಿನ ಸಭೆಗೆ ಬರುವುದಿಲ್ಲ, ಮತ್ತು ನಮಗೆ ಬಂದೇ ತೀರಬೇಕಾದವರು ಆಕೆಯೇ. ಅಂಕಪಟ್ಟಿಯನ್ನು ಕೈಗೆ ಕೊಡುವಾಗ ಅದನ್ನು ಓದುವ ಬಗೆಯನ್ನೂ ಹೇಳಬೇಕು. ಎಫ್‌ಎ, ಎಸ್‌ಎ ಎಂಬ ಅಕ್ಷರಗಳು ಹಲವರಿಗೆ ಏನನ್ನೂ ತಿಳಿಸುವುದಿಲ್ಲ. ವರ್ಷದಲ್ಲಿ ನಾಲ್ಕು ಸಣ್ಣ ಪರೀಕ್ಷೆಗಳೂ ಎರಡು ದೊಡ್ಡ ಪರೀಕ್ಷೆಗಳೂ ಇವೆ ಎಂದರೆ ತಿಳಿಯುತ್ತದೆ.

ಐದನೆಯ ಹೆಜ್ಜೆ: ಮನೆಯಿಂದ ಬೇಕಾದದ್ದನ್ನು ಹೆಸರಿಸಿ ಕೇಳಿ

‘ಮಕ್ಕಳ ಕಡೆ ಗಮನ ಕೊಡಿ’ ಎಂಬುದು ಯಾರೂ ಪಾಲಿಸಲಾಗದ ಸಲಹೆ, ಏಕೆಂದರೆ ಅದರಲ್ಲಿ ಮಾಡಬೇಕಾದ ಕೆಲಸ ಯಾವುದೆಂದು ಹೇಳಿಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಟಿವಿ ಆರಿಸಬೇಕು, ಆ ಹೊತ್ತಿನಲ್ಲಿ ಫೋನ್ ದೊಡ್ಡವರ ಬಳಿ ಇರಬೇಕು ಎಂದು ಕೇಳಿ. ಧಾರಾವಾಹಿ ಬಿಡಲಾಗದ ಮನೆಯಲ್ಲಿ ಮಗು ಓದಲು ಬೇರೆ ಜಾಗ, ನೆರೆಮನೆಯ ಜಗುಲಿಯಾದರೂ ಸರಿ, ಹುಡುಕಿಕೊಡಲು ಕೇಳಿ. ರಾತ್ರಿ ಮಲಗುವ ಮುನ್ನ ‘ಇವತ್ತು ಏನು ಹೇಳಿಕೊಟ್ಟರು, ನನಗೆ ಹೇಳು’ ಎಂದು ಐದು ನಿಮಿಷ ಕುಳಿತು ಕೇಳಲು ಹೇಳಿ. ಕೇಳುವವರಿಗೆ ಪಾಠ ತಿಳಿಯದಿದ್ದರೂ ಹೇಳುವವರಿಗೆ ಅದು ಪುನರಾವರ್ತನೆಯಾಗುತ್ತದೆ.

ಕೆಲಸದ ವಿಚಾರದಲ್ಲಿ ಶಾಲೆ ವಾಸ್ತವವಾಗಿ ಮಾತಾಡಬೇಕು. ರೈತನ ಮನೆಯ ಮಗುವಿಗೆ ದನಕ್ಕೆ ಮೇವು ಹಾಕುವುದೂ ಹಾಲು ಡೇರಿಗೆ ಒಯ್ಯುವುದೂ ತಪ್ಪುವುದಿಲ್ಲ, ಅದನ್ನು ಪೂರ್ತಿ ನಿಲ್ಲಿಸಿ ಎಂದರೆ ಶಾಲೆಯ ಉಳಿದ ಮಾತೂ ಗಾಳಿಗೆ ಹೋಗುತ್ತದೆ. ಯಾವ ಕೆಲಸ, ಎಷ್ಟು ಹೊತ್ತು, ಪರೀಕ್ಷೆಯ ವಾರಗಳಲ್ಲಿ ಯಾರು ಅದನ್ನು ವಹಿಸಿಕೊಳ್ಳುತ್ತಾರೆ ಎಂದು ಕುಳಿತು ಗೊತ್ತುಮಾಡಿಕೊಳ್ಳುವುದು ಉತ್ತಮ. ಮಗಳಿಗೆ ಪಾತ್ರೆ, ನೀರು, ಅಡುಗೆ, ಮಗನಿಗೆ ಓದು ಎಂಬ ಹಂಚಿಕೆ ಇರುವ ಮನೆಗಳಲ್ಲಿ ಅದನ್ನೂ ಹೆಸರಿಸಿಯೇ ಹೇಳಬೇಕಾಗುತ್ತದೆ. ಜಾತ್ರೆ, ಮದುವೆ, ದೇವರ ಕಾರ್ಯಗಳಿಗಾಗಿ ವಾರಗಟ್ಟಲೆ ಶಾಲೆ ತಪ್ಪಿಸುವುದಕ್ಕೆ ಮಿತಿ ಹೇಳಿ. ಹತ್ತನೆಯ ತರಗತಿಯಲ್ಲಿ ಶೇಕಡಾ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟವಾಗುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಆರನೆಯ ಹೆಜ್ಜೆ: ವಾಟ್ಸಾಪ್ ಗುಂಪಿಗೆ ನಿಯಮ ಹಾಕಿ

ತರಗತಿಗೆ ಒಂದು ಗುಂಪು ಸಾಕು, ಮತ್ತು ಅದರಲ್ಲಿ ಶಿಕ್ಷಕರು ಮಾತ್ರ ಸಂದೇಶ ಹಾಕುವಂತಿರಲಿ. ಶುಭೋದಯದ ಚಿತ್ರಗಳೂ ಪಕ್ಷಗಳ ವಿಡಿಯೋಗಳೂ ತುಂಬಿಕೊಂಡ ಮೇಲೆ ಶಾಲೆಯ ಸೂಚನೆಯನ್ನು ಯಾರೂ ಹುಡುಕುವುದಿಲ್ಲ. ಉದ್ದನೆಯ ಸುತ್ತೋಲೆಯ ಫೋಟೋ ಹಾಕುವ ಬದಲು ಒಂದು ನಿಮಿಷದ ಧ್ವನಿಸಂದೇಶವನ್ನು ಆಡುಮಾತಿನಲ್ಲಿ ಕಳಿಸಿದರೆ ಓದಲು ಬಾರದವರಿಗೂ ತಲುಪುತ್ತದೆ. ಅಂಕ, ಗೈರುಹಾಜರಿ, ಶಿಸ್ತಿನ ವಿಷಯಗಳು ಗುಂಪಿನಲ್ಲಿ ಬರಲೇಬಾರದು, ಅವು ನೇರ ಕರೆಗೆ ಸೇರಿದವು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಪಟ್ಟಿಯನ್ನು ಪ್ರತ್ಯೇಕವಾಗಿಟ್ಟು, ಅವರಿಗೆ ಅದೇ ಊರಿನ ಇನ್ನೊಬ್ಬ ಪೋಷಕರ ಮೂಲಕ ಸುದ್ದಿ ಮುಟ್ಟಿಸಬೇಕು.

ಏಳನೆಯ ಹೆಜ್ಜೆ: ಎಸ್‌ಡಿಎಂಸಿಯನ್ನು ಕಟ್ಟಡದ ಸಮಿತಿಯಾಗಿಸಬೇಡಿ

ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ (ಎಸ್‌ಡಿಎಂಸಿ). ಶಿಕ್ಷಣ ಹಕ್ಕು ಕಾಯ್ದೆಯೂ ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕನೆಯ ಮೂರು ಭಾಗ ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಹೇಳುತ್ತದೆ. ಹಾಗಿದ್ದೂ ಸಭೆಗಳಲ್ಲಿ ಚರ್ಚೆಯಾಗುವುದು ಬಹುತೇಕ ಕಾಂಪೌಂಡು, ಶೌಚಾಲಯ, ಬಣ್ಣ ಮತ್ತು ಅನುದಾನ. ಅವೂ ಬೇಕು. ಆದರೆ ಪ್ರತಿ ಸಭೆಯ ಮೊದಲ ವಿಷಯ ಹಾಜರಿಯಾಗಿರಲಿ: ಯಾವ ಊರಿನ ಎಷ್ಟು ಮಕ್ಕಳು ಈ ತಿಂಗಳು ಪದೇಪದೇ ಗೈರಾಗಿದ್ದಾರೆ, ಅವರ ಮನೆಗೆ ಯಾರು ಹೋಗುತ್ತಾರೆ ಎಂಬುದು ತೀರ್ಮಾನವಾದ ಮೇಲೆ ಸುಣ್ಣಬಣ್ಣದ ಮಾತು ಬರಲಿ.

ಮಕ್ಕಳು ಬರುವ ಪ್ರತಿ ಹಳ್ಳಿ, ತಾಂಡಾ, ಹಾಡಿಯಿಂದ ಒಬ್ಬರಾದರೂ ಸಮಿತಿಯಲ್ಲಿ ಅಥವಾ ಅದಕ್ಕೆ ಹೊಂದಿದ ಉಪಸಮಿತಿಯಲ್ಲಿ ಇರುವಂತೆ ನೋಡಿಕೊಳ್ಳಿ. ಶಾಲೆ ಇರುವ ಊರಿನವರೇ ಎಲ್ಲ ಸ್ಥಾನ ತುಂಬಿಕೊಂಡರೆ ಉಳಿದ ಊರುಗಳ ಪೋಷಕರಿಗೆ ಅದು ಪರರ ಶಾಲೆಯಾಗಿಯೇ ಉಳಿಯುತ್ತದೆ. ಪೋಷಕರ ಬಲ ಎಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಬಸ್ಸಿನ ಉದಾಹರಣೆ ಸಾಕು: ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಬಸ್ ಬೇಕೆಂದು ಮುಖ್ಯಶಿಕ್ಷಕರು ಬರೆದ ಪತ್ರ ಡಿಪೋದಲ್ಲಿ ಕಡತ ಸೇರಬಹುದು, ಐದು ಊರಿನ ಪೋಷಕರು ಸಹಿ ಮಾಡಿ ಖುದ್ದಾಗಿ ಡಿಪೋ ವ್ಯವಸ್ಥಾಪಕರನ್ನು ಕಂಡರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಅಲ್ಲಿಯವರೆಗೆ, ಸಂಜೆ ತಡವಾಗಿ ಹೊರಡುವ ಹೆಣ್ಣುಮಕ್ಕಳನ್ನು ಗುಂಪಾಗಿ ಊರು ಮುಟ್ಟಿಸಲು ಪೋಷಕರ ಸರದಿ ಪಟ್ಟಿ ಮಾಡಬಹುದು. ಬಿಸಿಯೂಟದ ರುಚಿ ಮತ್ತು ಶುಚಿ ನೋಡಲು ತಾಯಂದಿರ ಸರದಿಯೂ ಹೀಗೆಯೇ ನಡೆಯಲಿ. ಅಡುಗೆಮನೆಗೆ ಬಂದ ತಾಯಿ ತರಗತಿಯ ಬಾಗಿಲಿಗೂ ಒಮ್ಮೆ ಬಂದು ಹೋಗುತ್ತಾಳೆ.

ಎಂಟನೆಯ ಹೆಜ್ಜೆ: ಹತ್ತನೆಯ ತರಗತಿಯ ಮನೆಗಳಿಗೆ ಬೇರೆ ಸಭೆ

ಎಸ್ಸೆಸ್ಸೆಲ್ಸಿಯ ಬಗ್ಗೆ ಮನೆಗಳಲ್ಲಿ ಭಯ ಹೆಚ್ಚು, ಮಾಹಿತಿ ಕಡಿಮೆ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ ನೂರರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ. ವರ್ಷವಿಡೀ ಶಾಲೆಗೆ ಬರುವುದಕ್ಕೂ ಅಂಕಕ್ಕೂ ಇರುವ ಸಂಬಂಧವನ್ನು ಈ ಲೆಕ್ಕದಿಂದಲೇ ತೋರಿಸಬಹುದು. 2024ರಿಂದ ಹಳೆಯ ಪೂರಕ ಪರೀಕ್ಷೆಯ ಜಾಗದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮುಖ್ಯ ಪರೀಕ್ಷೆ ಬರೆದು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋದ ಕೂಡಲೇ ಮಗನನ್ನು ಗ್ಯಾರೇಜಿಗೆ ಕಳಿಸುವ, ಮಗಳಿಗೆ ಗಂಡು ಹುಡುಕುವ ಮನೆಗಳಿಗೆ ಇದು ಫಲಿತಾಂಶಕ್ಕೆ ಮೊದಲೇ ತಿಳಿದಿರಬೇಕು. ಆಯಾ ವರ್ಷದ ವೇಳಾಪಟ್ಟಿಯನ್ನು ಮಂಡಳಿಯ ಪ್ರಕಟಣೆಯಿಂದ ನೋಡಿ, ನೋಂದಣಿಯ ಕೊನೆಯ ದಿನಾಂಕದೊಂದಿಗೆ ಕೈಗೆ ಬರೆದುಕೊಡಿ.

ಹುಡುಗಿಯ ಮದುವೆಯ ಮಾತು ನಡೆದಿದೆ ಎಂಬ ಸುಳಿವು ಸಹಪಾಠಿಗಳ ಮೂಲಕ ಬರುವುದು ಸಾಮಾನ್ಯ. ತಾಯಿಯೊಂದಿಗೆ ಆಗಲೇ ಪರಿಚಯವಿರುವ ಶಿಕ್ಷಕಿ ಹೋಗಿ ಮಾತಾಡುವುದು ಮೊದಲ ಕೆಲಸ. ಮಾತು ನಡೆಯದಿದ್ದರೆ, ಅಥವಾ ದಿನ ಹತ್ತಿರವಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಸಂಬಂಧ ಕೆಡುತ್ತದೆ ಎಂಬ ಅಂಜಿಕೆಗೆ ಇಲ್ಲಿ ಜಾಗವಿಲ್ಲ.

ಇದೇ ಸಭೆಯಲ್ಲಿ ಪಿಯುಸಿ, ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾಗಳ ವ್ಯತ್ಯಾಸ, ಖರ್ಚು, ಹತ್ತಿರದ ಸಂಸ್ಥೆಗಳನ್ನು ತಿಳಿಸಿ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಲು ಸಮಯ ಹಿಡಿಯುತ್ತದೆ, ಹೆಸರಿನ ಒಂದಕ್ಷರದ ವ್ಯತ್ಯಾಸವೂ ಅರ್ಜಿಯನ್ನು ತಡೆಯುತ್ತದೆ. ಆಧಾರ್, ಶಾಲಾ ದಾಖಲೆ, ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಂದೇ ಪರಿಶೀಲಿಸಿಕೊಡುವ ಶಿಕ್ಷಕರಿದ್ದರೆ ಆ ಒಂದು ಉಪಕಾರಕ್ಕಾಗಿಯೇ ಸಭೆ ತುಂಬುತ್ತದೆ.

ಒಂಬತ್ತನೆಯ ಹೆಜ್ಜೆ: ಬಾರದವರನ್ನು ಎಣಿಸಿ

ಸಭೆಗೆ ಎಷ್ಟು ಜನ ಬಂದರು ಎಂಬ ಅಂಕಿ ವರದಿಗೆ ಸಾಕು. ಶಾಲೆಗೆ ಬೇಕಾದದ್ದು ವರ್ಷದಲ್ಲಿ ಒಮ್ಮೆಯೂ ಬಾರದ ಮನೆಗಳ ಪಟ್ಟಿ. ದಸರಾ ರಜೆಗೆ ಮುನ್ನ ಆ ಪಟ್ಟಿಯನ್ನು ಊರುವಾರು ವಿಂಗಡಿಸಿ, ಇಬ್ಬಿಬ್ಬರು ಶಿಕ್ಷಕರು ಸಂಜೆಯ ಹೊತ್ತು ಮನೆ ಭೇಟಿಗೆ ಹೋಗಬೇಕು, ಸಾಧ್ಯವಾದರೆ ಒಬ್ಬ ಶಿಕ್ಷಕಿ ಜೊತೆಗಿರಬೇಕು. ಬರುವ ಸುದ್ದಿಯನ್ನು ಮುಂಚೆ ತಿಳಿಸಿ, ಚಹಾ ಕೊಟ್ಟರೆ ಕುಡಿದು, ಮಗು ಎಲ್ಲಿ ಕುಳಿತು ಓದುತ್ತದೆ ಎಂದು ನೋಡಿ, ಹದಿನೈದು ನಿಮಿಷದಲ್ಲಿ ಹೊರಡಿ. ತಪಾಸಣೆಗೆ ಬಂದವರಂತೆ ಮನೆಯಲ್ಲಿ ಕಣ್ಣಾಡಿಸುವುದೂ ಫೋಟೋ ತೆಗೆದು ಗುಂಪಿಗೆ ಹಾಕುವುದೂ ಬೇಡ. ಹಾಗೆ ಹೋದ ಮೇಲೂ ಬಾರದ ಮನೆಗಳು ಕೆಲವು ಉಳಿದೇ ಉಳಿಯುತ್ತವೆ; ಅಂಥ ಮಗುವಿಗೆ ದತ್ತು ಶಿಕ್ಷಕರೇ ದಿನಕ್ಕೊಮ್ಮೆ ವಿಚಾರಿಸುವ ಹಿರಿಯರಾಗಬೇಕಾಗುತ್ತದೆ.

ಜೂನ್‌ನಲ್ಲಿ ಆರಂಭಿಸಿದ ಆ ನೋಟ್‌ಪುಸ್ತಕದಲ್ಲಿ ಪ್ರತಿ ಕರೆ, ಭೇಟಿ, ಒಪ್ಪಿದ ಮಾತನ್ನು ದಿನಾಂಕದೊಂದಿಗೆ ಒಂದೆರಡು ಸಾಲಿನಲ್ಲಿ ಬರೆಯುತ್ತಾ ಹೋಗಿ. ಏಪ್ರಿಲ್‌ನಲ್ಲಿ ಅದನ್ನು ಮುಂದಿನ ತರಗತಿಯ ಶಿಕ್ಷಕರಿಗೆ ಒಪ್ಪಿಸಬೇಕು. ನೀವು ವರ್ಗಾವಣೆಯಾಗಿ ಹೋಗುವವರಾದರೆ, ಚಾರ್ಜ್ ಕೊಡುವ ಪಟ್ಟಿಯಲ್ಲಿ ಪ್ರಯೋಗಾಲಯದ ಸಾಮಾನು, ಗ್ರಂಥಾಲಯದ ಪುಸ್ತಕಗಳ ಜೊತೆಗೆ ಅದನ್ನೂ ಸೇರಿಸಿ ಸಹಿ ಪಡೆದುಕೊಳ್ಳಿ.